ಕುರಿಗಾರನ ಕ್ಯಾಲೆಂಡರು, ಸಂಶೋಧಕರ ಬಜೆಟ್ಟು

ಪಶುವೈದ್ಯ ವಿದ್ಯಾರ್ಥಿಗಳು ಮತ್ತು ಹಳ್ಳಿಗಳಲ್ಲಿ ಸಮೀಕ್ಷೆ ನಡೆಸುವ ಯುವ ಸಂಶೋಧಕರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ

ಎಲ್ಲರಿಗೂ ನಮಸ್ಕಾರ.

ಒಂದು ಕುರಿಯ ಕುತ್ತಿಗೆಯ ರಕ್ತನಾಳದಿಂದ 5 ಮಿಲಿಲೀಟರ್ ರಕ್ತ ತೆಗೆಯಲು ಪಳಗಿದ ಕೈಗೆ ಒಂದು ನಿಮಿಷ ಸಾಕು. ಆದರೆ ಆ ಒಂದು ನಿಮಿಷಕ್ಕಾಗಿ ಇಡೀ ಮಂದೆಯನ್ನು ತಡೆದು ನಿಲ್ಲಿಸಬೇಕು. 120 ಕುರಿಗಳ ಮಂದೆಯಲ್ಲಿ 20 ಕುರಿ ಹಿಡಿದು, ಹಲ್ಲು ನೋಡಿ ವಯಸ್ಸು ಬರೆದುಕೊಂಡು, ಗುರುತು ಹಾಕಿ, ರಕ್ತ ತೆಗೆದು, ಮಾಲೀಕನಿಗೆ ಪ್ರಶ್ನೆ ಕೇಳಿ ಮುಗಿಸುವಷ್ಟರಲ್ಲಿ ಎರಡೂವರೆ ಮೂರು ಗಂಟೆ ಹೋಗುತ್ತದೆ. ಬೇಸಿಗೆಯಲ್ಲಿ ಕುರಿ ಹೊಟ್ಟೆ ತುಂಬಾ ಮೇಯುವುದೇ ಬೆಳಗಿನ ಆ ಮೂರು ಗಂಟೆ. ಬಿಸಿಲೇರಿದ ಮೇಲೆ ಅವು ತಲೆ ತಗ್ಗಿಸಿ, ಒಂದರ ಹೊಟ್ಟೆಯ ನೆರಳಿಗೆ ಇನ್ನೊಂದು ಮುಖ ಹಾಕಿ ನಿಂತುಬಿಡುತ್ತವೆ. ಮಂದೆ ವಲಸೆಯಲ್ಲಿದ್ದರೆ ಲೆಕ್ಕ ಇನ್ನೂ ಬಿಗಿ. ಆ ರಾತ್ರಿ ಇಂಥವರ ಹೊಲದಲ್ಲಿ ಕುರಿ ನಿಲ್ಲಿಸುತ್ತೇವೆ ಎಂದು ಮಾತಾಗಿರುತ್ತದೆ. ಗೊಬ್ಬರಕ್ಕೆ ಪ್ರತಿಯಾಗಿ ರೈತ ದುಡ್ಡೋ ಕಾಳೋ ಕೊಡುತ್ತಾನೆ. ಆ ಹೊಲ ಏಳೆಂಟು ಕಿಲೋಮೀಟರ್ ಆಚೆಗಿದ್ದು, ನಾವು ಮಂದೆಯನ್ನು ಮಧ್ಯಾಹ್ನದವರೆಗೆ ಹಿಡಿದಿಟ್ಟರೆ, ಆ ರಾತ್ರಿಯ ಸಂಪಾದನೆ ಹೋಯಿತು. ನಮ್ಮ ವರದಿಯಲ್ಲಿ ಈ ನಷ್ಟಕ್ಕೆ ಒಂದು ಸಾಲೂ ಇರುವುದಿಲ್ಲ.

ಒಂದು ಯೋಜನೆ ನೈತಿಕವೋ ಅಲ್ಲವೋ ಎಂದು ತಿಳಿಯಲು ನಾವು ಮೊದಲು ತೆರೆದು ನೋಡುವುದು ಅದರ ಬಜೆಟ್ಟನ್ನು ಮತ್ತು ಕ್ಯಾಲೆಂಡರನ್ನು. ಒಪ್ಪಿಗೆ ಪತ್ರ ಎಲ್ಲರ ಹತ್ತಿರವೂ ಇರುತ್ತದೆ, ಎಲ್ಲದರ ಕೆಳಗೂ ಹೆಬ್ಬೆಟ್ಟು ಇರುತ್ತದೆ. ಕುರಿಗಾರನ ಒಂದು ಬೆಳಗಿಗೆ ಎಷ್ಟು ತೆಗೆದಿಟ್ಟಿದ್ದೀರಿ, ಅವನ ವರ್ಷದ ಯಾವ ತಿಂಗಳಿಗೆ ಕೈ ಹಾಕಿದ್ದೀರಿ ಎಂಬುದಕ್ಕೆ ಆ ಪತ್ರದಲ್ಲಿ ಉತ್ತರ ಸಿಗುವುದಿಲ್ಲ.

ಮಾತಿಗೊಂದು ಆಧಾರ ಬೇಕಲ್ಲ, ಒಂದು ಅಧ್ಯಯನವನ್ನು ಊಹಿಸಿಕೊಳ್ಳೋಣ. ಚಿತ್ರದುರ್ಗ, ತುಮಕೂರು, ಬಳ್ಳಾರಿ ಕಡೆಯ ಬಯಲುಸೀಮೆಯ ಕುರಿಮಂದೆಗಳಲ್ಲಿ ಬ್ರುಸೆಲ್ಲೋಸಿಸ್, ಅಂದರೆ ಕಂದು ರೋಗ, ಎಷ್ಟಿದೆ ಎಂದು ನೋಡುವುದು. ಕುರಿ ಕಂದು ಹಾಕುವುದು, ಅಂದರೆ ದಿನ ತುಂಬುವ ಮೊದಲೇ ಗರ್ಭ ಕಳೆದುಕೊಳ್ಳುವುದು, ಇದರ ಮುಖ್ಯ ಲಕ್ಷಣ. ಹಸಿ ಹಾಲಿನಿಂದ, ಈಯುವಾಗ ಬರಿಗೈಯಲ್ಲಿ ಮರಿ ಎಳೆಯುವುದರಿಂದ, ಈದ ಮೇಲೆ ಬೀಳುವ ಕಸ (ಮಾಸು) ಮುಟ್ಟುವುದರಿಂದ ಇದು ಮನುಷ್ಯರಿಗೂ ಬರುತ್ತದೆ. ಬಂದು ಬಂದು ಹೋಗುವ ಜ್ವರ, ಸೊಂಟ ಮತ್ತು ಕೀಲು ನೋವು. ಕುರಿ, ಕುರಿಗಾರ, ನೆಲ ಮೂರೂ ಒಂದೇ ಗಂಟಿನಲ್ಲಿ ಸೇರುವ ವಿಷಯವಾದ್ದರಿಂದ ಇದನ್ನು ಆರಿಸಿಕೊಂಡಿದ್ದೇವೆ.

ಕಾನೂನಿನ ಭಾಗವನ್ನು ಬೇಗ ಮುಗಿಸೋಣ. ಪ್ರಾಣಿಗಳ ಮೇಲಿನ ಪ್ರಯೋಗಗಳ ಮಾತು ಬರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ನಾಲ್ಕನೇ ಅಧ್ಯಾಯದಲ್ಲಿ. ಅದರಡಿಯ ಕೇಂದ್ರ ಸಮಿತಿಗೆ ಈಗ ಸಿಸಿಎಸ್‌ಇಎ ಎಂಬ ಹೆಸರು, ಮೊದಲು ಸಿಪಿಸಿಎಸ್‌ಇಎ ಎನ್ನುತ್ತಿದ್ದರು. ಸಂಸ್ಥೆಯ ಮಟ್ಟದಲ್ಲಿ ಎಂಟು ಜನರ ಪ್ರಾಣಿ ನೈತಿಕ ಸಮಿತಿ ಇರುತ್ತದೆ. ಇಲಿ, ಮೊಲದ ಪ್ರಯೋಗಗಳನ್ನು ಅಲ್ಲೇ ನಿರ್ಧರಿಸಬಹುದು. ದೊಡ್ಡ ಪ್ರಾಣಿಗಳ ಪ್ರಯೋಗ ಕೇಂದ್ರ ಸಮಿತಿಗೆ ಹೋಗಬೇಕು. ರೋಗಪತ್ತೆಗೆಂದು ರಕ್ತ ತೆಗೆಯುವುದು ಪ್ರಯೋಗವೋ ಅಲ್ಲವೋ ಎಂಬ ಪ್ರಶ್ನೆಯನ್ನು ನೀವೇ ತೀರ್ಮಾನಿಸಿಕೊಳ್ಳಬೇಡಿ. ಸಮಿತಿಗೆ ಬರೆದು, ಬರಹದಲ್ಲೇ ಉತ್ತರ ಪಡೆಯಿರಿ. ಕುರಿಗಾರನಿಗೆ ಅವನ ಜ್ವರ, ಹಾಲು ಕುಡಿಯುವ ರೂಢಿ ಇವುಗಳ ಬಗ್ಗೆ ಪ್ರಶ್ನೆ ಕೇಳಿದ ಕೂಡಲೇ ಅದು ಮನುಷ್ಯರ ಮೇಲಿನ ಸಂಶೋಧನೆಯೂ ಆಗುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಅನ್ವಯಿಸುತ್ತದೆ, ಬೇರೆಯೇ ಸಮಿತಿ. ರಕ್ತವನ್ನೋ ಡಿಎನ್‌ಎಯನ್ನೋ ವಿದೇಶಿ ಪಾಲುದಾರರ ಜೊತೆ ಹಂಚಿಕೊಳ್ಳುವುದಿದ್ದರೆ 2002ರ ಜೀವವೈವಿಧ್ಯ ಕಾಯ್ದೆ ಇದೆ. ಚೆನ್ನೈನಲ್ಲಿರುವ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಬಾಗಿಲು ತಟ್ಟಬೇಕು, ಮಾದರಿ ಕಳಿಸಿದ ಮೇಲಲ್ಲ, ಮೊದಲೇ.

ಮೂರು ಕಿಟಕಿ, ಮೂರು ಅರ್ಜಿ. ಒಂದು ಕಿಟಕಿಯವರು ಸೂಜಿಯ ಬಗ್ಗೆ ಕೇಳುತ್ತಾರೆ, ಇನ್ನೊಂದರವರು ಪ್ರಶ್ನಾವಳಿಯ ಬಗ್ಗೆ, ಮತ್ತೊಂದರವರು ತಳಿಯ ಬಗ್ಗೆ. ಮಂದೆ ತಡವಾಗಿ ಹೊರಟರೆ ಯಾರಿಗೆ ನಷ್ಟ, ಬಳಸಿದ ಸೂಜಿ ಯಾವ ಬೇಲಿಯ ಸಂದಿಗೆ ಬೀಳುತ್ತದೆ ಎಂದು ಯಾರೂ ಕೇಳುವುದಿಲ್ಲ. ಎಂಟು ಜನರ ಆ ಸಮಿತಿಯಲ್ಲಿ ವಿಜ್ಞಾನಿಗಳಿಗೆ, ಪಶುವೈದ್ಯರಿಗೆ, ವಿಜ್ಞಾನಿಯಲ್ಲದ ಸಾಮಾಜಿಕ ಅರಿವಿನ ಒಬ್ಬ ಸದಸ್ಯರಿಗೆ ಸ್ಥಾನವಿದೆ. ಪ್ರಾಣಿ ಸಾಕುವವರಿಗೆಂದು ಇಟ್ಟ ಕುರ್ಚಿ ಇಲ್ಲ. ಆ ಖಾಲಿ ಜಾಗವನ್ನು ತುಂಬುವ ಹೊಣೆ ಯೋಜನೆ ಬರೆಯುವವರ ಮೇಲೇ ಬೀಳುತ್ತದೆ.

ಈಗ ಒಪ್ಪಿಗೆಯ ವಿಷಯ. ಇದರಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇವೆ.

ನೂರಿಪ್ಪತ್ತು ಕುರಿ ಒಬ್ಬನವೇ ಆಗಿರುವುದು ಅಪರೂಪ. ವಲಸೆ ಹೋಗುವಾಗ ಅಣ್ಣತಮ್ಮಂದಿರ, ಬೀಗರ, ಪಕ್ಕದ ಮನೆಯವರ ಕುರಿ ಸೇರಿ ಒಂದು ಮಂದೆ ಆಗುತ್ತದೆ. ಜೊತೆಗೆ ವರ್ಷದ ಸಂಬಳಕ್ಕೆ ಇರುವ ಹುಡುಗನೊಬ್ಬ. ನೀವು ಹೋದಾಗ ಅಡವಿಯಲ್ಲಿ ಸಿಗುವವನು ಬಹುಶಃ ಆ ಹುಡುಗ. ಅವನು ಹೂಂ ಎಂದರೆ ಅದು ಮಾಲೀಕರ ಒಪ್ಪಿಗೆ ಅಲ್ಲ; ನಾಳೆ ಒಂದು ಕುರಿ ಕುಂಟಿದರೆ ಬೈಸಿಕೊಳ್ಳುವವನೂ ಅವನೇ. ಊರಿನಲ್ಲಿರುವ ಮಾಲೀಕ ಫೋನಿನಲ್ಲಿ ಒಪ್ಪಿದರೂ ಬಿಸಿಲಲ್ಲಿ ಕುರಿ ಹಿಡಿದುಕೊಡುವ ಹುಡುಗನ ಒಪ್ಪಿಗೆ ಬೇರೆಯಾಗಿ ಬೇಕು, ಅವನ ಕೂಲಿಯೂ ಬೇರೆಯಾಗಿ ಬೇಕು. ಮರಿ ನೋಡಿಕೊಳ್ಳುವುದು, ಕಾಯಿಲೆ ಬಿದ್ದ ಕುರಿಗೆ ಗಂಜಿ ಕುಡಿಸುವುದು, ಹಾಲು ಹಿಂಡುವುದು ಬಹುಪಾಲು ಹೆಂಗಸರ ಕೆಲಸ. ಯಾವ ಕುರಿ ಯಾವಾಗ ಕಂದು ಹಾಕಿತು ಎಂದು ಸರಿಯಾಗಿ ನೆನಪಿರುವುದೂ ಅವರಿಗೇ. ಗಂಡಸರ ಮುಂದೆ ನಿಂತು ಪ್ರಶ್ನೆ ಕೇಳಿದರೆ ಅವರು ಬಾಯಿ ಬಿಡುವುದಿಲ್ಲ. ತಂಡದಲ್ಲಿ ಒಬ್ಬ ಮಹಿಳೆ ಇರಲಿ, ಆ ಮಾತಿಗೆ ಬೇರೆ ಸಮಯ ಇಡಿ.

ಎರಡನೆಯದು ಭಾಷೆ. ಕುರಿಗೆ ಸೂಜಿ ಚುಚ್ಚಿದರೆ ಕುರಿಗಾರನಿಗೆ ಹೊಳೆಯುವ ಅರ್ಥ ಒಂದೇ: ಇಂಜೆಕ್ಷನ್ ಹಾಕಿದರು. ಹಾಗಾಗಿ ರಕ್ತ ಕೊಟ್ಟ ಮಂದೆಯವನು ಮುಂದಿನ ತಿಂಗಳು ಪಿಪಿಆರ್ ಎಂಬ ಕುರಿ-ಮೇಕೆಗಳ ಸಾಂಕ್ರಾಮಿಕ ರೋಗಕ್ಕೆ ಲಸಿಕೆ ಹಾಕಲು ಬಂದವರಿಗೆ ‘ನಮ್ಮ ಕುರಿಗೆ ಆಗೇತ್ರಿ’ ಎಂದು ಹೇಳಿ ಕಳಿಸಿಬಿಡಬಹುದು. ನಾವು ಏನೂ ಹಾಕದೆಯೂ ಮಂದೆಗೆ ಹಾನಿ ಮಾಡಿದಂತಾಯಿತು. ಆದ್ದರಿಂದ ಮೊದಲ ವಾಕ್ಯವೇ ಹೀಗಿರಲಿ: ‘ಇದು ಲಸಿಕೆ ಅಲ್ಲ, ಔಷಧಿ ಅಲ್ಲ. ಒಳಗೆ ಏನೂ ಬಿಡುವುದಿಲ್ಲ, ರಕ್ತ ತೆಗೆಯುವುದಷ್ಟೇ.’ ‘ಮಾದರಿ ಸಂಗ್ರಹಣೆ’, ‘ಸಮೀಕ್ಷೆ’, ‘ಫಲಾನುಭವಿ’ ಮುಂತಾದ ಮಾತುಗಳನ್ನು ಬಿಡಿ. ಕೇಳಿದವರು ಸಾಲ, ಸಬ್ಸಿಡಿ, ವಿಮೆ ಏನೋ ಬರುತ್ತದೆ ಎಂದುಕೊಳ್ಳುತ್ತಾರೆ. ಎಷ್ಟು ರಕ್ತ ಎಂದು ಬಾಯಲ್ಲಿ ಹೇಳಬೇಡಿ. ಒಂದು ನಳಿಕೆಯಲ್ಲಿ ಕುಂಕುಮದ ನೀರು ತುಂಬಿ ತೋರಿಸಿ: ಒಂದು ಟೀ ಚಮಚ. 30 ಕಿಲೋ ಕುರಿಯ ಮೈಯಲ್ಲಿ ಸುಮಾರು 1.8 ಲೀಟರ್ ರಕ್ತ ಇರುತ್ತದೆ, ಅದರ ಮುಂದೆ 5 ಮಿಲಿಲೀಟರ್ ಏನೂ ಅಲ್ಲ. ಆದರೆ ನೋಡದೆ ನಂಬಬೇಕೆಂದು ನಾವು ಯಾಕೆ ಬಯಸಬೇಕು?

ಮೂರನೆಯದು ಅಧಿಕಾರ. ಲಸಿಕೆ ಕೊಡುವವರು, ಸತ್ತ ಕುರಿಯ ಪರಿಹಾರಕ್ಕೆ ಸರ್ಟಿಫಿಕೇಟ್ ಬರೆಯುವವರು ಬಂದು ಕೇಳಿದರೆ ಕುರಿಗಾರ ಇಲ್ಲ ಎನ್ನಲಾರ. ‘ಆಯ್ತು ತಗೋರಿ ಸಾಹೇಬ್ರ’ ಎಂಬ ಮಾತಿನಲ್ಲಿ ಒಪ್ಪಿಗೆಗಿಂತ ಅಂಜಿಕೆಯೇ ಹೆಚ್ಚು ಇರಬಹುದು. ‘ನೋಡೂಣ್ರಿ’ ಎಂದರೆ ಬಹಳ ಸಲ ಬೇಡ ಎಂದೇ ಅರ್ಥ. ಅದನ್ನು ಬೇಡ ಎಂದೇ ಬರೆದುಕೊಳ್ಳಿ. ಉಪಾಯ ಸರಳ. ಕೇಳುವ ದಿನ ಬೇರೆ, ರಕ್ತ ತೆಗೆಯುವ ದಿನ ಬೇರೆ ಮಾಡಿ, ನಡುವೆ ಒಂದು ರಾತ್ರಿ ಬಿಡಿ. ಆ ರಾತ್ರಿ ಅವರು ತಮ್ಮತಮ್ಮಲ್ಲಿ ಮಾತಾಡಿಕೊಳ್ಳುತ್ತಾರೆ. ಬೇಡವೆನ್ನಿಸಿದರೆ ಬೆಳಿಗ್ಗೆ ಮಂದೆ ಆ ಜಾಗದಲ್ಲಿ ಇರುವುದಿಲ್ಲ, ಹುಡುಕಿಕೊಂಡು ಹೋಗಬೇಡಿ. ಓದು ಬಾರದವರಿಂದ ಹೆಬ್ಬೆಟ್ಟು ಪಡೆಯುವಾಗ ತಂಡಕ್ಕೆ ಸೇರದ, ಓದಬಲ್ಲ ಒಬ್ಬ ಸಾಕ್ಷಿ ಬೇಕು ಎಂದು ಮಾರ್ಗಸೂಚಿ ಹೇಳುತ್ತದೆ. ನಿಮ್ಮ ಜೀಪಿನ ಚಾಲಕ ಆ ಸಾಕ್ಷಿ ಆಗಲಾರ.

ಎಷ್ಟು ಕುರಿ ಬೇಕು? ಹೆಚ್ಚು ತೆಗೆದರೆ ಅನಗತ್ಯ ನೋವು, ಕಡಿಮೆ ತೆಗೆದರೆ ಉತ್ತರವೇ ಸಿಗದೆ ಎಲ್ಲರ ನೋವೂ ವ್ಯರ್ಥ. ರೋಗ ಶೇ. 10ರಷ್ಟು ಇರಬಹುದೆಂದು ಊಹಿಸಿ, ಉತ್ತರ ಶೇ. 5ರಷ್ಟು ಆಚೀಚೆ ಇದ್ದರೆ ಸಾಕು ಎಂದುಕೊಂಡರೆ ಸಾಮಾನ್ಯ ಸೂತ್ರ 139 ಕುರಿ ಸಾಕು ಎನ್ನುತ್ತದೆ. ಬಹಳ ಜನ ಅಲ್ಲಿಗೇ ನಿಲ್ಲಿಸುತ್ತಾರೆ, ತಪ್ಪಾಗುವುದೂ ಅಲ್ಲೇ. ಒಂದೇ ಮಂದೆಯ ಕುರಿಗಳು ಒಂದರ ಸೋಂಕನ್ನು ಒಂದು ಹಂಚಿಕೊಂಡಿರುತ್ತವೆ. ಹಾಗಾಗಿ ಒಂದು ಮಂದೆಯ ಇಪ್ಪತ್ತು ಕುರಿ ಇಪ್ಪತ್ತು ಬೇರೆ ಬೇರೆ ಸಾಕ್ಷಿಗಳಾಗುವುದಿಲ್ಲ. ಮಂದೆಯೊಳಗಿನ ಹೋಲಿಕೆಯನ್ನು 0.1 ಎಂದು ಹಿಡಿದು, ಮಂದೆಗೆ 20 ಕುರಿ ಎಂದರೆ, 1 + (19 × 0.1) = 2.9. 139ನ್ನು ಇದರಿಂದ ಗುಣಿಸಿದರೆ ಸುಮಾರು 403 ಕುರಿ, ಅಂದರೆ 21 ಮಂದೆ. ಇನ್ನು ‘ಈ ಮಂದೆಯಲ್ಲಿ ರೋಗ ಇದೆಯೋ ಇಲ್ಲವೋ’ ಎಂಬಷ್ಟೇ ಪ್ರಶ್ನೆಯಾದರೆ ಲೆಕ್ಕ ಬೇರೆ: ನೂರು ಕುರಿಯಲ್ಲಿ ಹತ್ತಕ್ಕೆ ಸೋಂಕಿದ್ದರೆ, ಅದರಲ್ಲಿ ಒಂದಾದರೂ ಸಿಕ್ಕಿಬೀಳುವ ಭರವಸೆ ಶೇ. 95ರಷ್ಟು ಬೇಕೆಂದರೆ 25 ಕುರಿ ನೋಡಿದರೆ ಸಾಕು. ಪ್ರಶ್ನೆಯನ್ನು ಮೊದಲು ಗಟ್ಟಿ ಮಾಡಿಕೊಳ್ಳದೆ ಸೂಜಿ ಎತ್ತುವುದೇ ಮೊದಲ ತಪ್ಪು.

ರಕ್ತ ತೆಗೆಯುವ ಕೆಲಸ ಬೆಳಗಿನ ತಂಪಿನಲ್ಲಿ, ಮಂದೆ ಇನ್ನೂ ಹಟ್ಟಿಯಲ್ಲೇ ಇರುವಾಗ ಮುಗಿಯಬೇಕು. ನಾಲ್ಕು ಜನರ ಎರಡು ಜೋಡಿ ಮಾಡಿಕೊಂಡರೆ ಇಪ್ಪತ್ತು ಕುರಿ ಒಂದೂಕಾಲು ಗಂಟೆಗೆ ಆಗುತ್ತದೆ. ಇಬ್ಬರೇ ಹೋದರೆ ಅದೇ ಕೆಲಸಕ್ಕೆ ಇಡೀ ಬೆಳಗು ಬೇಕು. ತಂಡಕ್ಕೆ ಇನ್ನಿಬ್ಬರ ಸಂಬಳ ಉಳಿಸಿದರೆ ಅದನ್ನು ಕುರಿಗಾರ ತೆರುತ್ತಾನೆ ಎಂದೇ ತಿಳಿಯಿರಿ. ಕುರಿಯನ್ನು ಉಣ್ಣೆ ಹಿಡಿದು ಎಳೆಯಬೇಡಿ, ಚರ್ಮದಡಿ ರಕ್ತ ಹೆಪ್ಪುಗಟ್ಟುತ್ತದೆ. ಗದ್ದದ ಕೆಳಗೊಂದು ಕೈ, ಸೊಂಟದ ಹಿಂದೊಂದು ಕೈ. ಒಬ್ಬ ಹಿಡಿದು ತಲೆಯನ್ನು ಸ್ವಲ್ಪ ಪಕ್ಕಕ್ಕೆ ತಿರುಗಿಸಬೇಕು, ಇನ್ನೊಬ್ಬ ಕುತ್ತಿಗೆಯ ಕೆಳಭಾಗದಲ್ಲಿ ಹೆಬ್ಬೆರಳು ಒತ್ತಿದರೆ ರಕ್ತನಾಳ ಉಬ್ಬುತ್ತದೆ. 18 ಅಥವಾ 20 ಗೇಜಿನ ಸೂಜಿ. ಒಂದು ಕಡೆ ಎರಡು ಸಲ ತಪ್ಪಿದರೆ ಆ ಕುರಿಯನ್ನು ಬಿಟ್ಟು ಮುಂದಿನದಕ್ಕೆ ಹೋಗಿ. ತೆಗೆದ ಮೇಲೆ ಒಂದು ನಿಮಿಷ ಒತ್ತಿ ಹಿಡಿಯಿರಿ. ಪ್ರತಿ ಕುರಿಗೂ ಹೊಸ ಸೂಜಿ. ಒಂದೇ ಸೂಜಿಯಲ್ಲಿ ಇಡೀ ಮಂದೆ ಮುಗಿಸಿದರೆ ರಕ್ತದ ಮೂಲಕ ಹರಡುವ ಅನಾಪ್ಲಾಸ್ಮಾದಂಥ ಸೋಂಕನ್ನು ನಾವೇ ಹಂಚಿದಂತೆ. 403 ಕುರಿಗೆ 500 ಸೂಜಿ ಬಜೆಟ್ಟಿನಲ್ಲಿ ಇರಲಿ.

ಈಯಲು ಆರು ವಾರದೊಳಗಿರುವ ಕುರಿಗಳನ್ನು ಮುಟ್ಟಬೇಡಿ. ಗಾಬರಿ, ನೂಕುನುಗ್ಗಲು, ಹಸಿವು ಮೂರೂ ಅವಕ್ಕೆ ಅಪಾಯ. ಈದ ಮೇಲೆ ನೋಡಬಹುದು. ಹಲವು ಮಂದೆಗಳನ್ನು ಒಂದೇ ಕಡೆ ಸೇರಿಸಿ ಎಂದು ಎಂದೂ ಕೇಳಬೇಡಿ. ಪಿಪಿಆರ್, ಕುರಿ ಸಿಡುಬು ಹರಡಲು ಅದಕ್ಕಿಂತ ಸುಲಭದ ದಾರಿ ಇಲ್ಲ. ನೀವೇ ಮಂದೆಯಿಂದ ಮಂದೆಗೆ ಹೋಗಿ. ನಡುವೆ ಬೂಟಿನ ಮಣ್ಣು, ಗೊಬ್ಬರ ಕೆರೆದು ತೊಳೆದು, ಲೀಟರಿಗೆ 40 ಗ್ರಾಂ ವಾಷಿಂಗ್ ಸೋಡಾ ಕರಗಿಸಿದ ನೀರಿನಲ್ಲಿ ಅದ್ದಿ.

ಗುರುತು ಹಾಕುವುದು ಸಣ್ಣ ವಿಷಯದಂತೆ ಕಾಣುತ್ತದೆ. ಬೆನ್ನಿಗೆ ಬಣ್ಣ ಬಳಿದರೆ ದೂರದಿಂದ ಚೆನ್ನಾಗಿ ಕಾಣುತ್ತದೆ, ಸರಿ. ಆದರೆ ಆ ಉಣ್ಣೆ ಕಂಬಳಿಗೆ ಬಾರದು. ಕರಿ ಉಣ್ಣೆಯ ಕಂಬಳಿ ನೇಯುವ ಮನೆಗಳು ಚಳ್ಳಕೆರೆ ಕಡೆ ಇನ್ನೂ ಇವೆ. ಬಣ್ಣವನ್ನು ಹಣೆಗೋ ಕೊಂಬಿಗೋ ಹಾಕಿ. ಕಿವಿಗೆ ಓಲೆ ಹಾಕುವ ಮುನ್ನ ಅದರ ನಂಬರು ಯಾರ ಪುಸ್ತಕಕ್ಕೆ ಹೋಗುತ್ತದೆ ಎಂದು ಹೇಳಿ. ತಲೆ ಎಣಿಸಿ ಮೇವಿನ ಸುಂಕ ಹಾಕಲು ಬಂದಿದ್ದಾರೆ ಎಂಬ ಅನುಮಾನ ಹಳೆಯದು, ಅದಕ್ಕೆ ಕಾರಣವೂ ಇದೆ.

ನಳಿಕೆಯನ್ನು ಕುಲುಕಬೇಡಿ. ನೆರಳಿನಲ್ಲಿ ಓರೆಯಾಗಿ ಒಂದು ಗಂಟೆ ಇಟ್ಟು, ಹೆಪ್ಪುಗಟ್ಟಿದ ಮೇಲೆ ತಂಪು ಪೆಟ್ಟಿಗೆಗೆ ಹಾಕಿ, ಮಂಜುಗಡ್ಡೆಗೆ ನೇರವಾಗಿ ತಾಗದಂತೆ. ಅದೇ ದಿನ ಸೀರಂ, ಅಂದರೆ ಹೆಪ್ಪಿನಿಂದ ಬಿಡುವ ತಿಳಿ ದ್ರವ, ಬೇರ್ಪಡಿಸಿ. ರಕ್ತಕಣ ಒಡೆದು ಕೆಂಪಾದ ಸೀರಂ ಪರೀಕ್ಷೆಗೆ ಬಾರದು; ಆ ಕುರಿ ಚುಚ್ಚಿಸಿಕೊಂಡದ್ದು ದಂಡ. ಒಂದು ಮಂದೆಯ ಮಾದರಿಗಳೆಲ್ಲ ಹಾಗೆ ಹಾಳಾದರೆ ಮತ್ತೆ ಹೋಗಿ ಕೇಳುವ ಮುಖ ನಮಗಿರಬಾರದು.

ಇನ್ನು ಪರಿಹಾರ. ರಕ್ತ ತೆಗೆದ ಒಂದು ವಾರದೊಳಗೆ ಆ ಕುರಿ ಕಂದು ಹಾಕಿದರೆ, ಸತ್ತರೆ? ‘ಸೂಜಿಯಿಂದ ಅಲ್ಲ, ಮೊದಲೇ ಇದ್ದ ರೋಗದಿಂದ’ ಎಂದು ವಾದಿಸಬಹುದು, ಆ ವಾದ ನಿಜವೂ ಇರಬಹುದು. ಆದರೆ ಅದನ್ನು ಸಾಬೀತು ಮಾಡುವ ಹೊರೆಯನ್ನು ಕುರಿಗಾರನ ತಲೆಗೆ ಹಾಕುವುದು ಅನ್ಯಾಯ. ಕಾರಣ ಕೇಳದೆ ಸಂತೆಯ ಅಂದಿನ ಬೆಲೆ ಕೊಡುತ್ತೇವೆ ಎಂದು ಮೊದಲೇ ಬರೆದುಕೊಡಿ. 400 ಕುರಿಗೆ ನಾಲ್ಕೈದು ಕುರಿಯ ಬೆಲೆ ಎತ್ತಿಟ್ಟರೆ ಯೋಜನೆ ಮುಳುಗುವುದಿಲ್ಲ.

ಫಲಿತಾಂಶ ಬಂದ ದಿನ ಇನ್ನೊಂದು ಕಷ್ಟ ಶುರುವಾಗುತ್ತದೆ. ಒಂದು ತಪಾಸಣಾ ಪರೀಕ್ಷೆ ಸೋಂಕಿರುವ ನೂರರಲ್ಲಿ 90ನ್ನು ಹಿಡಿಯುತ್ತದೆ, ಸೋಂಕಿಲ್ಲದ ನೂರರಲ್ಲಿ 5ನ್ನು ತಪ್ಪಾಗಿ ಪಾಸಿಟಿವ್ ಎನ್ನುತ್ತದೆ ಎಂದಿಟ್ಟುಕೊಳ್ಳಿ. ಕೇಳಲು ಒಳ್ಳೆಯ ಪರೀಕ್ಷೆಯೇ. ಸಾವಿರ ಕುರಿಯಲ್ಲಿ 50ಕ್ಕೆ ಸೋಂಕಿದ್ದರೆ, ಪಾಸಿಟಿವ್ ಬಂದ ನಿಜವಾದ ಸೋಂಕಿನವು 45. ಸೋಂಕಿಲ್ಲದ 950ರಲ್ಲಿ ತಪ್ಪಾಗಿ ಪಾಸಿಟಿವ್ ಬಂದವು ಸುಮಾರು 47. ಅಂದರೆ ಪಾಸಿಟಿವ್ ಎಂದು ಚೀಟಿ ಬಂದ ಕುರಿಗಳಲ್ಲಿ ಅರ್ಧಕ್ಕೂ ಹೆಚ್ಚು ಆರೋಗ್ಯವಾಗಿವೆ! ಈ ಚೀಟಿ ನಂಬಿ ಕುರಿಗಾರ ಅವನ್ನೆಲ್ಲ ಕಡಿಮೆ ಬೆಲೆಗೆ ಮಾರಿದರೆ ಹೊಣೆ ಯಾರದು? ರೋಸ್ ಬೆಂಗಾಲ್ ಎಂಬ ತಪಾಸಣಾ ಪರೀಕ್ಷೆ ಒಂದರ ಮೇಲೆ ಯಾವ ಕುರಿಯ ಹಣೆಬರಹವನ್ನೂ ಹೇಳಬೇಡಿ. ಎರಡನೇ ಪರೀಕ್ಷೆಯಿಂದ ಖಚಿತಪಡಿಸಿ. ದನಗಳಲ್ಲಾದರೆ ಇನ್ನೂ ಒಂದು ತೊಡಕು: ನಾಲ್ಕರಿಂದ ಎಂಟು ತಿಂಗಳ ಹೆಣ್ಣುಗರುಗಳಿಗೆ ಹಾಕುವ ಎಸ್‌-19 ಲಸಿಕೆಯಿಂದಲೂ ಪಾಸಿಟಿವ್ ಬರಬಹುದು. ಲಸಿಕೆಯ ವಿಷಯ ಕೇಳದೆ ಪರೀಕ್ಷೆ ಮಾಡಬೇಡಿ.

‘ನಿಮ್ಮ ಮಂದೆಯ ವಿಷಯ ಯಾರಿಗೂ ಹೇಳುವುದಿಲ್ಲ’ ಎಂಬ ಮಾತನ್ನೂ ಕೊಡಬೇಡಿ. ಅದು ಸುಳ್ಳಾಗುತ್ತದೆ. ಬ್ರುಸೆಲ್ಲೋಸಿಸ್ 2009ರ ಜಾನುವಾರು ಸಾಂಕ್ರಾಮಿಕ ರೋಗಗಳ ಕಾಯ್ದೆಯ ಪಟ್ಟಿಯಲ್ಲಿದೆ. ಪಶುಸಂಗೋಪನಾ ಇಲಾಖೆಗೆ ತಿಳಿಸಲೇಬೇಕು. ಇದನ್ನು ಹೆಬ್ಬೆಟ್ಟು ಹಾಕಿಸುವ ಮೊದಲು ಹೇಳಬೇಕು, ಆಮೇಲಲ್ಲ. ಇದನ್ನು ಕೇಳಿ ಕೆಲವರು ಬೇಡ ಎನ್ನುತ್ತಾರೆ. ಅನ್ನಲಿ. ಮಂದೆಯಲ್ಲಿ ರೋಗ ಖಚಿತವಾದರೆ ಮನೆಯವರ ಜ್ವರದ ಪರೀಕ್ಷೆ ಎಲ್ಲಿ, ಯಾರ ಖರ್ಚಿನಲ್ಲಿ ಎಂಬುದೂ ಮೊದಲೇ ಗೊತ್ತಿರಬೇಕು. ಮನುಷ್ಯರಿಗೆ ಇದರ ಚಿಕಿತ್ಸೆ ಆರು ವಾರದ ಎರಡು ಔಷಧಿ, ಅಡವಿಯಲ್ಲಿ ತಿರುಗುವವನಿಗೆ ಸುಲಭವಲ್ಲ. ಯಾವ ಪ್ರಾಥಮಿಕ ಆರೋಗ್ಯ ಕೇಂದ್ರ ಎಂದು ಹೆಸರು ಗೊತ್ತಿಲ್ಲದೆ ‘ಡಾಕ್ಟರಿಗೆ ತೋರಿಸಿ’ ಎಂದರೆ ಏನೂ ಹೇಳದಂತೆಯೇ.

ಔಷಧಿಯ ಪ್ರಯೋಗಗಳಲ್ಲಿ ಕ್ಯಾಲೆಂಡರಿನ ತಪ್ಪು ಇನ್ನೂ ದುಬಾರಿ. ಜಂತುನಾಶಕ ಕೆಲಸ ಮಾಡುತ್ತಿದೆಯೇ ಎಂದು ನೋಡಲು ಗುಂಪಿಗೆ ಹತ್ತು ಹದಿನೈದು ಕುರಿ ಇಟ್ಟು, ಔಷಧಿ ಕೊಡುವ ದಿನ ಮತ್ತು 10ರಿಂದ 14 ದಿನದ ಮೇಲೆ ಹಿಕ್ಕೆಯಲ್ಲಿನ ಮೊಟ್ಟೆ ಎಣಿಸುತ್ತೇವೆ. ಔಷಧಿ ಕೊಡದ ಗುಂಪೊಂದು ಇರುತ್ತದೆ. ಆ ಗುಂಪಿನ ಕುರಿಗಳು ನಮ್ಮ ಲೆಕ್ಕಕ್ಕಾಗಿ ಸಾಯಬೇಕಿಲ್ಲ. ರಕ್ತ ಹೀರುವ ಜಂತುವಿದ್ದರೆ ಕೆಳರೆಪ್ಪೆಯ ಒಳಬದಿ ಬಿಳಿಚಿಕೊಳ್ಳುತ್ತದೆ. ದಕ್ಷಿಣ ಆಫ್ರಿಕಾದಲ್ಲಿ ರೂಪುಗೊಂಡ ಫಮಾಚಾ ಬಣ್ಣದ ಚೀಟಿಯಲ್ಲಿ ಇದಕ್ಕೆ ಒಂದರಿಂದ ಐದರವರೆಗೆ ಅಂಕವಿದೆ. ನಾಲ್ಕು ಐದು ಬಂದ ಕುರಿಗೆ ಆ ಕ್ಷಣವೇ ಔಷಧಿ ಕೊಟ್ಟು ಪ್ರಯೋಗದಿಂದ ಹೊರಗಿಡಬೇಕು ಎಂಬ ನಿಯಮ ಯೋಜನೆಯಲ್ಲೇ ಇರಲಿ. ಇನ್ನು ಔಷಧಿ ಕೊಟ್ಟ ಕುರಿಯ ಮಾಂಸ, ಹಾಲು ಇಷ್ಟು ದಿನ ಬಳಸಬಾರದು ಎಂದು ಬಾಟಲಿಯ ಮೇಲೆ ಬರೆದಿರುತ್ತದೆ. ಬಕ್ರೀದ್‌ಗೆ ಎರಡು ವಾರ ಮುಂಚೆ, ಯುಗಾದಿಯ ಹೊಸತೊಡಕಿಗೆ ಹತ್ತು ದಿನ ಮುಂಚೆ ಪ್ರಯೋಗ ಹೂಡಿದರೆ, ವರ್ಷದಲ್ಲೇ ಒಳ್ಳೆಯ ಬೆಲೆ ಬರುವ ದಿನ ಕುರಿಗಾರ ಟಗರು ಮಾರುವಂತಿಲ್ಲ. ಅವನು ಮಾರುತ್ತಾನೆ, ಮಾರದೆ ಏನು ಮಾಡಿಯಾನು? ಔಷಧಿಯ ಉಳಿಕೆ ಊಟದ ತಟ್ಟೆಗೆ ಹೋಗುತ್ತದೆ, ನಮ್ಮ ಪ್ರಯೋಗದ ಕುರಿ ಸಂತೆಗೆ ಹೋಗುತ್ತದೆ. ತಪ್ಪು ದಿನಾಂಕ ಆರಿಸಿದವರದು.

ತಳಿ ಸಂಶೋಧನೆಯ ಬಗ್ಗೆ ಒಂದು ನಿಜವಾದ ಕಥೆ ಹೇಳಬೇಕು. ಪಶ್ಚಿಮ ಬಂಗಾಳದ ಸುಂದರಬನದ ಜೌಗು ನೆಲದಲ್ಲಿ ಗಾರೋಲ್ ಎಂಬ ಸಣ್ಣ ಕುರಿ ಇದೆ, ಬಡವರ ಮನೆಯ ಕುರಿ. ಒಂದು ಸೂಲಿಗೆ ಎರಡು ಮೂರು ಮರಿ ಹಾಕುವುದು ಅದರ ಗುಣ. ಹದಿನೆಂಟನೇ ಶತಮಾನದ ಕೊನೆಯಲ್ಲಿ ಬಂಗಾಳದ ಕುರಿಗಳು ಹಡಗೇರಿ ಆಸ್ಟ್ರೇಲಿಯಾಕ್ಕೆ ಹೋದವು. ಅಲ್ಲಿ ಬೂರೂಲಾ ಮೆರಿನೊ ಎಂದು ಹೆಸರಾದ ಅವಳಿ ಹಾಕುವ ಕುರಿಯ ವಂಶವಾಹಿ, ಫೆಕ್‌ಬಿ, 2001ರಲ್ಲಿ ಗುರುತಾಯಿತು. ಅದರ ಮೂಲ ಗಾರೋಲ್ ಕಡೆಗೆ ಬೆರಳು ತೋರಿಸಿತು. ಗಾರೋಲ್ ಸಾಕಿ ಉಳಿಸಿದವರನ್ನು ಈ ಇನ್ನೂರು ವರ್ಷದಲ್ಲಿ ಯಾರೂ ಏನೂ ಕೇಳಿರಲಿಲ್ಲ. ಕೇಳಬೇಕೆಂಬ ನಿಯಮಗಳು ಹುಟ್ಟಿದ್ದೇ ತೀರಾ ಈಚೆಗೆ. ಆಮೇಲೆ ಮಹಾರಾಷ್ಟ್ರದ ಫಲ್ಟಣದ ನಿಂಬ್ಕರ್ ಕೃಷಿ ಸಂಶೋಧನಾ ಸಂಸ್ಥೆ ಅದೇ ವಂಶವಾಹಿಯನ್ನು ದಖನಿ ಕುರಿಗೆ ಸೇರಿಸಿ ನಾರಿ ಸುವರ್ಣ ಎಂಬ ತಳಿ ಮಾಡಿತು; ಅದು ಕರ್ನಾಟಕಕ್ಕೂ ಬಂದಿದೆ. ಹಟ್ಟಿಯಲ್ಲೇ ಕಟ್ಟಿ, ಕೈತಿಂಡಿ ಕೊಟ್ಟು ಸಾಕುವವರಿಗೆ ಅವಳಿ ಮರಿ ಲಾಭ. ದಿನಕ್ಕೆ ಹತ್ತು ಕಿಲೋಮೀಟರ್ ನಡೆಯುವ ವಲಸೆ ಮಂದೆಯಲ್ಲಿ ತಾಯಿಗೆ ಎರಡಕ್ಕಾಗುವಷ್ಟು ಹಾಲಿಲ್ಲದಿದ್ದರೆ ಒಂದು ಮರಿ ಸೊರಗುತ್ತದೆ, ಅದನ್ನು ಹೊತ್ತು ನಡೆಯಲು ಒಂದು ಹೆಗಲು ಬೇಕು. ಸಂಶೋಧಕರು ಹುಟ್ಟಿದ ಮರಿ ಎಣಿಸುತ್ತಾರೆ. ಕುರಿಗಾರ ಎಣಿಸುವುದು ಮೂರು ತಿಂಗಳ ಮೇಲೆ ಉಳಿದ ಮರಿಯನ್ನು, ಮತ್ತೆ ಗಬ್ಬ ಕಟ್ಟಿದ ತಾಯಿಯನ್ನು. ಏನನ್ನು ಅಳೆಯಬೇಕು ಎಂದು ಅವನನ್ನು ಕೇಳದೆ ಅಳೆದರೆ, ಅಳತೆ ಎಷ್ಟೇ ನಿಖರವಾಗಿದ್ದರೂ ಅವನ ಉಪಯೋಗಕ್ಕಿಲ್ಲ. ಕಂಬಳಿಗೆ ಒರಟಾದ ಕರಿ ಉಣ್ಣೆ ಬೇಕಿದ್ದ ಸೀಮೆಯಲ್ಲಿ ನಯವಾದ ಬಿಳಿ ಉಣ್ಣೆಯ ವಿದೇಶಿ ಟಗರುಗಳನ್ನು ಹೊಗಳಿದ್ದೂ ಇದೇ ಜಾತಿಯ ತಪ್ಪು.

ನೆಲದ ಮಾತಿಗೆ ಬರೋಣ. ಸೂಜಿಗಳು ಬಿಳಿಯ, ಚುಚ್ಚಿದರೆ ತೂತಾಗದ ಡಬ್ಬಿಗೇ ಹೋಗಬೇಕು. 2016ರ ಜೈವಿಕ ತ್ಯಾಜ್ಯ ನಿಯಮಗಳು ಪಶುವೈದ್ಯ ಸಂಸ್ಥೆಗಳಿಗೂ ಅನ್ವಯಿಸುತ್ತವೆ. ಹೊರಡುವಾಗ ಎಣಿಸಿ, ಮರಳುವಾಗ ಎಣಿಸಿ. ಒಂದು ಕಡಿಮೆ ಬಂದರೆ ಹುಡುಕಿ, ಅಲ್ಲಿ ಬರಿಗಾಲಲ್ಲಿ ಓಡಾಡುವ ಮಕ್ಕಳಿರುತ್ತಾರೆ. ನೋವಿಗೆ ಕೊಡುವ ಔಷಧಿಯನ್ನೂ ಯೋಚಿಸಿ ಆರಿಸಬೇಕು. ಜಾನುವಾರುಗಳಿಗೆ ಕೊಟ್ಟ ಡೈಕ್ಲೋಫಿನಾಕ್ ಸತ್ತ ದನದ ಮೂಲಕ ರಣಹದ್ದುಗಳ ಮೂತ್ರಪಿಂಡ ಕೆಡಿಸಿ ಅವುಗಳ ಸಂತತಿಯನ್ನೇ ಬಹುಪಾಲು ಒರೆಸಿಹಾಕಿತು. 2006ರಲ್ಲಿ ಪಶುಗಳಿಗೆ ಅದು ನಿಷೇಧವಾಯಿತು, 2023ರಲ್ಲಿ ಕೀಟೊಪ್ರೊಫೆನ್ ಮತ್ತು ಅಸಿಕ್ಲೋಫಿನಾಕ್ ಕೂಡ. ಮೆಲಾಕ್ಸಿಕಾಂ ಇರುವಾಗ ಬೇರೆಯದು ಬೇಕಿಲ್ಲ. ರಾಮನಗರದ ಬೆಟ್ಟದಲ್ಲಿ ಉಳಿದಿರುವ ಕೆಲವೇ ಹದ್ದುಗಳ ಲೆಕ್ಕದಲ್ಲಿ ನಮ್ಮ ಚೀಲದ ಬಾಟಲಿಯೂ ಸೇರಿದೆ. ಐವರ್ಮೆಕ್ಟಿನ್ ಎಂಬ ಜಂತುನಾಶಕ ಹಿಕ್ಕೆಯ ಮೂಲಕ ಹೊರಬಂದು ಸಗಣಿ ಹುಳುಗಳನ್ನು ಕೊಲ್ಲುತ್ತದೆ. ಗೊಬ್ಬರಕ್ಕೆಂದೇ ಕುರಿ ನಿಲ್ಲಿಸಿಕೊಂಡ ರೈತನ ಹೊಲಕ್ಕೆ ಅದು ಒಳ್ಳೆಯ ಸುದ್ದಿಯಲ್ಲ. ಹಠಾತ್ತಾಗಿ ಸತ್ತು, ಮೂಗು ಗುದದಿಂದ ಕಪ್ಪು ರಕ್ತ ಬಂದ ಕುರಿ ಕಂಡರೆ ಕುತೂಹಲಕ್ಕೂ ಕೊಯ್ಯಬೇಡಿ. ಅದು ನೆರಡಿ, ಅಂದರೆ ಅಂಥ್ರಾಕ್ಸ್ ಇರಬಹುದು; ಗಾಳಿ ಸೋಕಿದರೆ ಅದರ ಬೀಜಾಣುಗಳು ಆ ಮಣ್ಣಿನಲ್ಲಿ ದಶಕಗಳ ಕಾಲ ಉಳಿಯುತ್ತವೆ. ಕಿವಿಯ ರಕ್ತದ ಒಂದು ಲೇಪ ಸಾಕು, ಆಮೇಲೆ ಸುಣ್ಣ ಹಾಕಿ ಆಳವಾಗಿ ಹೂಳಿಸಿ.

ಹೊಸ ಮೇವಿನ ಗಿಡ ತರುವವರು ಬಳ್ಳಾರಿ ಜಾಲಿಯನ್ನು ನೆನೆಯಲಿ. ಸೌದೆಗೆಂದು ಬಂದ ಗಿಡದ ಕಾಯಿ ತಿಂದ ಕುರಿಗಳೇ ಹಿಕ್ಕೆಯಲ್ಲಿ ಬೀಜ ಹೊತ್ತು ಕಾವಲುಗಳಿಗೆಲ್ಲ, ಅಂದರೆ ಹುಲ್ಲುಗಾವಲುಗಳಿಗೆಲ್ಲ, ಹರಡಿದವು. ಬೀಜ ಹೊಟ್ಟೆ ದಾಟಿ ಮೊಳೆಯುತ್ತದೆಯೇ ಎಂದು ಕೊಟ್ಟಿಗೆಯಲ್ಲೇ ಪರೀಕ್ಷಿಸದೆ ಬಯಲಿಗೆ ಬಿಡಬಾರದು. ಹುಲ್ಲಿನ ಅಧ್ಯಯನಕ್ಕೆ ಗೋಮಾಳದಲ್ಲಿ ಬೇಲಿ ಹಾಕುವವರು ಮೊದಲು ನೀರಿನ ದಾರಿ ಯಾವುದು ಎಂದು ಮಂದೆಯ ಹಿಂದೆ ಒಂದು ದಿನ ನಡೆದು ನೋಡಲಿ. ಚಳ್ಳಕೆರೆಯ ಅಮೃತಮಹಲ್ ಕಾವಲುಗಳಲ್ಲಿ ಸುಮಾರು 10 ಸಾವಿರ ಎಕರೆ 2009ರ ನಂತರ ರಕ್ಷಣಾ, ಬಾಹ್ಯಾಕಾಶ, ಅಣು ಸಂಶೋಧನೆಗಳಿಗೆ ಹಂಚಿಕೆಯಾದಾಗ ಸುತ್ತಲಿನ ಹಳ್ಳಿಯವರು ಹಸಿರು ನ್ಯಾಯಮಂಡಳಿಯವರೆಗೆ ಹೋದರು. ವಿಜ್ಞಾನ ಅಲ್ಲಿ ಕುರಿಯನ್ನು ಮುಟ್ಟಲೇ ಇಲ್ಲ. ಆದರೂ ಕುರಿಯ ಬಾಯಿಯ ಹುಲ್ಲು ಹೋಯಿತು. ಇದೂ ಸಂಶೋಧನೆಯ ನೈತಿಕತೆಯ ಪ್ರಶ್ನೆಯೇ ಎಂದು ನಾವು ತಿಳಿದಿದ್ದೇವೆ.

ನಕ್ಷೆಗಳ ಬಗ್ಗೆ ಎಚ್ಚರ. ಮಂದೆ ತಂಗಿದ ಜಾಗದ ಜಿಪಿಎಸ್ ಅಂಕಿಗಳನ್ನು ಲೇಖನದೊಂದಿಗೆ ಹಾಗೇ ಪ್ರಕಟಿಸಿದರೆ ಕುರಿ ಕಳ್ಳರಿಗೂ ಅದು ಸಿಗುತ್ತದೆ. ಮೀಸಲು ಅರಣ್ಯದ ಒಳಗೆ ಮೇಯುತ್ತಿರುವ ಫೋಟೊ ದಂಡದ ರಸೀತಿಗೆ ಸಾಕ್ಷಿಯಾಗುತ್ತದೆ. ಹತ್ತು ಕಿಲೋಮೀಟರ್ ಚೌಕಕ್ಕೋ ತಾಲ್ಲೂಕಿಗೋ ಮಸುಕು ಮಾಡಿ. ಬರೆಯುವ ವಾಕ್ಯಕ್ಕೂ ಇದೇ ಎಚ್ಚರ ಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯನ್ನೇ ನೋಡಿ. ದನಗಳ ಮೈಮೇಲೆ ಉಣುಗು ಬೆಳೆದು ಹೆಚ್ಚುತ್ತವೆ, ಆದರೆ ವೈರಾಣು ಬೆಳೆಯುವುದು ದನದಲ್ಲಿ ಅಲ್ಲ. ಇದನ್ನು ‘ಕಾಡಿಗೆ ಹೋಗುವ ದನಗಳಿಂದ ಕಾಯಿಲೆ’ ಎಂದು ಬರೆದರೆ ದನ ಮೇಯಿಸುವವರನ್ನು ಕಾಡಿನಿಂದ ಓಡಿಸಲು ಒಂದು ನೆಪ ಸಿಗುತ್ತದೆ. ‘ದನಗಳಿಗೆ ಉಣುಗು ನಿವಾರಕ ಹಚ್ಚಿದರೆ ಉಣುಗಿನ ಸಂಖ್ಯೆ ಇಳಿಸಬಹುದು’ ಎಂದು ಬರೆದರೆ ಮಾಡಬಹುದಾದ ಒಂದು ಕೆಲಸ ಸಿಗುತ್ತದೆ. ಎರಡರ ಹಿಂದೆ ಇರುವ ಮಾಹಿತಿ ಒಂದೇ.

ಕೊನೆಯದಾಗಿ ಫಲಿತಾಂಶ ಹಿಂತಿರುಗಿಸುವ ದಿನ. ಅನೇಕ ಮಂದೆಗಳು ದೀಪಾವಳಿ ಮುಗಿಸಿ ಹೊರಟರೆ ಮುಂಗಾರಿನ ಹೊತ್ತಿಗೆ ಊರಿಗೆ ಮರಳುತ್ತವೆ. ಮಾರ್ಚಿನಲ್ಲಿ ವರದಿ ಹಿಡಿದು ಊರಿಗೆ ಹೋದರೆ ಮನೆಗೆ ಬೀಗ. ಮಂದೆ ಊರಲ್ಲಿರುವ ಮಳೆಗಾಲದಲ್ಲಿ ರಕ್ತ ತೆಗೆದು, ದೀಪಾವಳಿಗೆ ಮೊದಲು ಫಲಿತಾಂಶ ಮುಟ್ಟಿಸುವಂತೆ ಕೆಲಸವನ್ನು ಕೊನೆಯ ದಿನದಿಂದ ಹಿಂದಕ್ಕೆ ಎಣಿಸಿ. ಪ್ರಯೋಗಾಲಯಕ್ಕೆ ಆರು ವಾರ, ಖಚಿತಪಡಿಸುವ ಪರೀಕ್ಷೆಗೆ ಮೂರು ವಾರ, ಹಳ್ಳಿ ಸುತ್ತಲು ಎರಡು ವಾರ: ಹಾಗಾದರೆ ಆಗಸ್ಟ್ ಮೊದಲ ವಾರದೊಳಗೆ ಕೊನೆಯ ಕುರಿಯ ರಕ್ತ ತೆಗೆದಿರಬೇಕು. ಹಾಳೆ ಒಂದೇ ಪುಟ, ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ. ಓದಿ ಹೇಳುವವರು ಜೊತೆಗೆ ಹೋಗಬೇಕು. ನಿಮ್ಮ ಮಂದೆಯಲ್ಲಿ ನೋಡಿದ ಕುರಿ ಇಷ್ಟು, ರೋಗ ಖಚಿತವಾದವು ಇಷ್ಟು, ಈಗ ಮಾಡಬೇಕಾದ್ದು ಇಂಥದ್ದು: ಕಂದು ಹಾಕಿದ ಕುರಿಯನ್ನು ಬೇರೆ ಕಟ್ಟುವುದು, ಕಸವನ್ನು ನಾಯಿಗೆ ಹಾಕದೆ ಹೂಳುವುದು, ಮರಿ ಎಳೆಯುವಾಗ ಕೈಗೆ ಪ್ಲಾಸ್ಟಿಕ್ ಚೀಲವನ್ನಾದರೂ ಕಟ್ಟಿಕೊಳ್ಳುವುದು, ಹಾಲು ಕಾಯಿಸುವುದು. ರೋಗ ಇಲ್ಲದ ಮಂದೆಗೂ ಹೋಗಿ ಇಲ್ಲ ಎಂದು ಹೇಳಬೇಕು, ಅವರೂ ಕಾಯುತ್ತಿರುತ್ತಾರೆ. ಉಳಿದ ಸೀರಂ ಮೈನಸ್ 20 ಡಿಗ್ರಿಯ ಫ್ರೀಜರಿನಲ್ಲಿ ವರ್ಷಗಟ್ಟಲೆ ಇರುತ್ತದೆ. ಅದನ್ನು ಬೇರೆ ಅಧ್ಯಯನಕ್ಕೆ ಬಳಸಬಹುದೇ, ಬಳಸಿದ ಮೇಲೆ ಚೆಲ್ಲಬೇಕೇ ಎಂಬ ಪ್ರಶ್ನೆಯನ್ನು ಅದೇ ಭೇಟಿಯಲ್ಲಿ ಕೇಳಿ, ಉತ್ತರವನ್ನು ನಳಿಕೆಯ ಚೀಟಿಯ ಮೇಲೇ ಬರೆದಿಡಿ.